ಮಕ್ಕಳಿಗೆ ಗೊತ್ತಿದ್ದ ಗುಟ್ಟುಗಳು

ಹ್ಯಾರಿ ಪಾಟರ್ ಕಥೆಗಳಿಂದ ಮಕ್ಕಳ ಮನಸ್ಸು ಗೆದ್ದ ಜೆ.ಕೆ. ರೌಲಿಂಗ್, ದೊಡ್ಡವರಿಗಾಗಿ ಬರೆದ ಮೊದಲ ಕಾದಂಬರಿ ‘ದಿ ಕ್ಯಾಶುವಲ್ ವೇಕೆನ್ಸಿ’. ಇದು 2012ರಲ್ಲಿ ಪ್ರಕಟವಾಯಿತು. ಮಂತ್ರದಂಡ ಹುಡುಕಿಕೊಂಡು ಬಂದವರಿಗೆ ಇಲ್ಲಿ ಸಿಗುವುದು ಇಂಗ್ಲೆಂಡಿನ ಪ್ಯಾಗ್‌ಫರ್ಡ್ ಎಂಬ ಕಲ್ಪಿತ ಪುಟ್ಟ ಊರು, ನಮ್ಮ ಗ್ರಾಮ ಪಂಚಾಯಿತಿಯನ್ನು ನೆನಪಿಸುವ ಅದರ ಪ್ಯಾರಿಷ್ ಕೌನ್ಸಿಲ್ ಮತ್ತು ಒಂದು ಖಾಲಿ ಕುರ್ಚಿ.

ಕೌನ್ಸಿಲ್ ಸದಸ್ಯ ಬ್ಯಾರಿ ಫೇರ್‌ಬ್ರದರ್ ಹಠಾತ್ತನೆ ತೀರಿಕೊಳ್ಳುತ್ತಾನೆ. ಅವಧಿಯ ನಡುವೆ ಹೀಗೆ ತೆರವಾಗುವ ಸ್ಥಾನಕ್ಕೆ ಅಲ್ಲಿನ ಕಾನೂನು ಕೊಟ್ಟ ಹೆಸರೇ ಕಾದಂಬರಿಯ ಶೀರ್ಷಿಕೆ. ಊರಂಚಿನ ‘ಫೀಲ್ಡ್ಸ್’ ಎಂಬ ಬಡವರ ಬಡಾವಣೆಯನ್ನು ನೆರೆಯ ಯಾರ್ವಿಲ್ ನಗರದ ಕೊರಳಿಗೆ ಕಟ್ಟಬೇಕು, ಮಾದಕ ವ್ಯಸನಿಗಳ ಚಿಕಿತ್ಸಾಲಯವನ್ನು ಮುಚ್ಚಿಸಬೇಕು ಎಂಬುದು ಹೋವರ್ಡ್ ಮಾಲಿಸನ್ ಬಣದ ಹಟ. ಫೀಲ್ಡ್ಸ್‌ನಲ್ಲೇ ಬೆಳೆದು ಮೇಲೆ ಬಂದಿದ್ದ ಬ್ಯಾರಿ ಅದಕ್ಕೆ ಅಡ್ಡ ನಿಂತಿದ್ದವನು. ಈಗ ಅವನ ಕುರ್ಚಿಗಾಗಿ ಪೈಪೋಟಿ.

ರಾಜಕೀಯ ದೊಡ್ಡವರದಾದರೂ ಕಥೆಯನ್ನು ತಿರುಗಿಸುವವರು ಅವರ ಮಕ್ಕಳು. ತಂದೆಯ ಹೊಡೆತ, ಬೈಗುಳಗಳಲ್ಲಿ ಬೆಂದ ಆಂಡ್ರೂ, ಕೌನ್ಸಿಲ್‌ನ ವೆಬ್‌ಸೈಟಿನೊಳಗೆ ನುಗ್ಗಿ, ಸತ್ತ ಬ್ಯಾರಿಯ ‘ಭೂತ’ದ ಹೆಸರಿನಲ್ಲಿ ತಂದೆಯ ಕಳ್ಳಮಾಲಿನ ಗುಟ್ಟನ್ನು ಬಯಲಿಗೆಳೆಯುತ್ತಾನೆ. ವೈದ್ಯೆಯ ಮಗಳು ಸುಖ್ವಿಂದರ್, ಶಾಲೆಯ ಉಪಮುಖ್ಯೋಪಾಧ್ಯಾಯರ ಮಗ ಕೂಡ ಅದೇ ದಾರಿ ಹಿಡಿಯುತ್ತಾರೆ. ಮನೆಯಲ್ಲಿ ಮಾತನಾಡಲು ಜಾಗವಿಲ್ಲದ ಮಕ್ಕಳು ಊರಿಗೆಲ್ಲ ಕೇಳುವಂತೆ ಮಾತನಾಡುತ್ತಾರೆ.

ಫಲವೇನು? ಆಂಡ್ರೂವಿನ ತಂದೆ ಕೆಲಸ ಕಳೆದುಕೊಳ್ಳುತ್ತಾನೆ. ಇಡೀ ಸಂಸಾರ ಊರು ಬಿಡಬೇಕಾಗುತ್ತದೆ. ಹುಡುಗ ಬರೆದದ್ದು ಸುಳ್ಳಲ್ಲ. ಆದರೆ ಹೆಸರು ಮರೆಸಿಕೊಂಡು ಸೇಡಿಗಾಗಿ ಆಡಿದ ನಿಜ ಅವನನ್ನೂ, ಅವನ ತಾಯಿಯನ್ನೂ ಕಾಪಾಡಲಿಲ್ಲ. ಮೊಬೈಲ್ ಹಿಡಿದು ಬೆಳೆಯುತ್ತಿರುವ ಇಂದಿನ ವಿದ್ಯಾರ್ಥಿಗಳು ಗಮನಿಸಬೇಕಾದ ಭಾಗವಿದು.

ಇವೆಲ್ಲದರ ನಡುವೆ ಫೀಲ್ಡ್ಸ್‌ನ ಹದಿನಾರರ ಹುಡುಗಿ ಕ್ರಿಸ್ಟಲ್ ಇದ್ದಾಳೆ. ತಾಯಿ ಹೆರಾಯಿನ್ ವ್ಯಸನಿ. ಮೂರು ವರ್ಷದ ತಮ್ಮ ರಾಬಿಗೆ ಅಕ್ಕನೇ ಆಸರೆ. ಬ್ಯಾರಿ ಕಟ್ಟಿದ್ದ ಹುಡುಗಿಯರ ದೋಣಿ ತಂಡದಲ್ಲಿ ಅವಳಿಗೊಂದು ಬೆಲೆಯಿತ್ತು. ಅವನೊಂದಿಗೆ ಅದೂ ಹೋಯಿತು. ಅವಳ ಬಡಾವಣೆಯ ಬಗ್ಗೆ ಸಭೆಗಳಲ್ಲಿ ಗಂಟೆಗಟ್ಟಲೆ ಚರ್ಚಿಸುವವರಲ್ಲಿ ಅವಳನ್ನು ಕೇಳುವವರಿಲ್ಲ. ಒಂದು ದಿನ ಪುಟ್ಟ ರಾಬಿ ಒಬ್ಬನೇ ಅಲೆಯುವುದನ್ನು ಊರಿನ ಮೂವರು ಹಿರಿಯರು ಕಾಣುತ್ತಾರೆ. ತಂತಮ್ಮ ಚಿಂತೆಯಲ್ಲಿ ಮುಂದೆ ಸಾಗುತ್ತಾರೆ. ಕೊನೆಗೆ ಅವನಿಗಾಗಿ ಹೊಳೆಗೆ ಹಾರುವವಳು, ಓದಿನಲ್ಲಿ ಹಿಂದೆಂದು ಮನೆಯಲ್ಲೇ ಹಳಿಸಿಕೊಳ್ಳುತ್ತಿದ್ದ ಸುಖ್ವಿಂದರ್. ಮುಂದಿನದನ್ನು ಪುಸ್ತಕದಲ್ಲೇ ಓದಬೇಕು.

ಪಾತ್ರಗಳು ಹೆಚ್ಚು, ಮೊದಲ ನೂರು ಪುಟ ಯಾರು ಯಾರೆಂದು ತಿಳಿಯುವುದರಲ್ಲೇ ಕಳೆಯುತ್ತದೆ. ಒರಟು ಭಾಷೆ, ಮಾದಕದ್ರವ್ಯ, ಅತ್ಯಾಚಾರದ ಪ್ರಸಂಗಗಳಿರುವುದರಿಂದ ಲೇಖಕಿಯ ಹೆಸರು ನೋಡಿ ಚಿಕ್ಕ ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಕಾಲೇಜು ವಿದ್ಯಾರ್ಥಿಗಳು ಓದಬಹುದು. ತಂದೆತಾಯಿಯರು ಓದಿದರೆ ಇನ್ನೂ ಒಳ್ಳೆಯದು. ಪ್ಯಾಗ್‌ಫರ್ಡ್‌ನ ಹಿರಿಯರು ಮಕ್ಕಳ ಅಂಕಗಳನ್ನು, ಮರ್ಯಾದೆಯನ್ನು ಚೆನ್ನಾಗಿಯೇ ಲೆಕ್ಕ ಇಟ್ಟಿದ್ದರು. ಸುಖ್ವಿಂದರ್ ರಾತ್ರಿ ತನ್ನ ಕೈಯನ್ನು ತಾನೇ ಕೊಯ್ದುಕೊಳ್ಳುತ್ತಿದ್ದುದು ಮಾತ್ರ ಪಕ್ಕದ ಕೋಣೆಯ ವೈದ್ಯೆ ತಾಯಿಗೆ ತಿಳಿದಿರಲಿಲ್ಲ.