ಠಾಣೆಯ ಇಂಗ್ಲಿಷು: ವಿರುದ್ಧ ಪದಗಳನ್ನು ನಾವು ಏಕೆ ಕಲಿಯಬೇಕು?

ಇಂಗ್ಲಿಷ್ ಕಲಿಯಬೇಕೆಂಬ ಆಸೆ ಇಂದು ನಮ್ಮ ಸ್ವಸಹಾಯ ಗುಂಪುಗಳ ಹೆಣ್ಣುಮಕ್ಕಳಲ್ಲಿ ಬಲವಾಗಿದೆ. ಬ್ಯಾಂಕಿನ ಫಾರಂ ತುಂಬಲು, ಮಕ್ಕಳ ಶಾಲೆಯಿಂದ ಬಂದ ಚೀಟಿ ಓದಲು ಅದು ಬೇಕು. ಬಹುಕಾಲ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದ ನಾನು ಈಗ ಎರಡು ಗುಂಪುಗಳಲ್ಲಿ ವಾರದ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಂದು ಗಂಟೆ ಈ ಪಾಠ ಮಾಡುತ್ತಿದ್ದೇನೆ. ಪೇಟೆಯಲ್ಲಿ ಸಿಗುವ ಕಲಿಕೆಯ ಪುಸ್ತಕಗಳಲ್ಲಿ ವಿರುದ್ಧ ಪದಗಳ ಪಾಠವೆಂದರೆ ‘ಬಿಗ್–ಸ್ಮಾಲ್’, ‘ರಿಚ್–ಪೂರ್’, ‘ಗುಡ್–ಬ್ಯಾಡ್’. ಅಪರಾಧ ಮತ್ತು ಶಿಕ್ಷೆಯ ಪದಗಳು ಬಂದರೆ ಎಲ್ಲೋ ಕೊನೆಯ ಪುಟಗಳಲ್ಲಿ, ಕಳ್ಳ, ಪೊಲೀಸ್, ಜೈಲು ಎಂಬ ಪಟ್ಟಿಯಾಗಿ ಬರುತ್ತವೆ. ಈ ಎರಡು ಪಾಠಗಳನ್ನೂ ಒಂದಾಗಿ ಕಲಿಸಬೇಕು, ಮತ್ತು ಹೆಂಗಸರಿಗೆ ಅದನ್ನೇ ಮೊದಲು ಕಲಿಸಬೇಕು ಎಂಬುದು ನನ್ನ ವಾದ.

ನಮ್ಮ ರಾಜ್ಯದ ಠಾಣೆಗಳಲ್ಲಿ ದೂರನ್ನು ಕನ್ನಡದಲ್ಲೇ ಬರೆದುಕೊಳ್ಳುತ್ತಾರೆ, ನಿಜ. ಆದರೆ ಪೊಲೀಸರು, ವೈದ್ಯರು, ವಕೀಲರು ತಮ್ಮೊಳಗೆ ಮಾತನಾಡಿಕೊಳ್ಳುವಾಗ ಪ್ರಕರಣದ ಗತಿಯನ್ನು ನಿರ್ಧರಿಸುವ ಮಾತುಗಳು ಇಂಗ್ಲಿಷಿನವೇ ಆಗಿರುತ್ತವೆ. ‘ಎಲ್ಲವೂ ಕನ್ನಡದಲ್ಲಿ ನಡೆಯಲಿ ಎಂದು ಹೋರಾಡುವುದು ಬಿಟ್ಟು ಇಂಗ್ಲಿಷ್ ಕಲಿಯಿರಿ ಎನ್ನುತ್ತೀರಾ?’ ಎಂದು ಕೆಲವರು ಕೇಳಬಹುದು. ಆ ಹೋರಾಟ ನಡೆಯಲೇಬೇಕು. ಆದರೆ ಇವತ್ತು ರಾತ್ರಿ ಏಟು ತಿಂದು ನಾಳೆ ಬೆಳಿಗ್ಗೆ ಠಾಣೆಯ ಮೆಟ್ಟಿಲು ಹತ್ತುವವಳು ಅದು ಗೆಲ್ಲುವವರೆಗೆ ಕಾಯಲಾರಳು.

ಕನ್ನಡದಲ್ಲಿ ‘ನ್ಯಾಯ’ದ ಮುಂದೆ ಒಂದು ‘ಅ’ ಹಚ್ಚಿದರೆ ‘ಅನ್ಯಾಯ’ವಾಗುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ‘ನಾನ್’, ‘ಅನ್’, ‘ಇಲ್’, ‘ಡಿಸ್’ ಮೊದಲಾದವು ಮಾಡುತ್ತವೆ. ‘ಲೀಗಲ್’ ಎಂದರೆ ಕಾನೂನುಬದ್ಧ, ‘ಇಲ್ಲೀಗಲ್’ ಎಂದರೆ ಕಾನೂನುಬಾಹಿರ. ಈ ಚಿಕ್ಕ ಅಕ್ಷರಗಳ ಮೇಲೆ ಕಿವಿ ಇಡುವುದೇ ಮೊದಲ ಪಾಠ.

‘ಕಾಗ್ನಿಜಬಲ್’ ಎಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆಗೆ ಕಾಯದೆ ಪೊಲೀಸರೇ ತನಿಖೆ ನಡೆಸಬಹುದಾದ ಅಪರಾಧ. ಇದರಲ್ಲಿ ಎಫ್.ಐ.ಆರ್. ದಾಖಲಾಗಬೇಕು, ಅದರ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ‘ನಾನ್-ಕಾಗ್ನಿಜಬಲ್’ ಆದರೆ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಕಳಿಸುತ್ತಾರೆ; ನ್ಯಾಯಾಲಯದ ಅಪ್ಪಣೆ ಇಲ್ಲದೆ ತನಿಖೆ ಇಲ್ಲ. ಠಾಣೆಯ ಮಾತಿನಲ್ಲಿ ಇದು ‘ಎನ್.ಸಿ.’. ಗಂಡ ಹೆಂಡತಿಗೆ ಹೊಡೆದದ್ದನ್ನು ಬರೀ ಹೊಡೆತವೆಂದು ಬರೆದರೆ ಅದು ಎನ್.ಸಿ. ಆಗುತ್ತದೆ. ವರದಕ್ಷಿಣೆಗಾಗಿ ಕೊಟ್ಟ ಕಿರುಕುಳವೆಂದು, ಕ್ರೌರ್ಯವೆಂದು ಬರೆದರೆ ಕಾಗ್ನಿಜಬಲ್ ಆಗುತ್ತದೆ. 1983ರಲ್ಲಿ ದಂಡ ಸಂಹಿತೆಗೆ ಸೇರಿದ, ನಾವೆಲ್ಲ 498ಎ ಎಂದೇ ಬಲ್ಲ ಕಲಮು ಇದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 85 ಮತ್ತು 86ನೆಯ ಕಲಮಾಗಿದೆ. ಶಿಕ್ಷೆ 3 ವರ್ಷದವರೆಗೆ ಸಜೆ ಮತ್ತು ದಂಡ.

ನಮ್ಮ ಗುಂಪಿನ ಸದಸ್ಯೆಯೊಬ್ಬರು ಮಗಳನ್ನು ಕರೆದುಕೊಂಡು ಠಾಣೆಗೆ ಹೋಗಿ ಬಂದು, ‘ಕೇಸು ಆಯ್ತು ಮೇಡಂ’ ಎಂದು ಒಂದು ಚೀಟಿ ತೋರಿಸಿದರು. ಅದು ಎನ್.ಸಿ. ಚೀಟಿ. ಬೈಕಿನ ಹಣಕ್ಕಾಗಿ ಎರಡು ವರ್ಷದಿಂದ ನಡೆದಿದ್ದ ಹಿಂಸೆ ಅದರಲ್ಲಿ ‘ಗಂಡ ಹೆಂಡತಿ ಜಗಳ’ ಎಂದಷ್ಟೇ ಆಗಿತ್ತು. ಮರುದಿನ ಗುಂಪಿನ ಆರು ಮಂದಿ ಜೊತೆಗೆ ಹೋದರು. ‘ಸಾರ್, ಇದು ಕಾಗ್ನಿಜಬಲ್ ಅಲ್ಲವೇ? ಬೈಕಿನ ವಿಷಯ ಏಕೆ ಬರೆದಿಲ್ಲ?’ ಎಂದು ಆ ತಾಯಿಯೇ ಕೇಳಿದರು. ಸಂಜೆಯೊಳಗೆ ಎಫ್.ಐ.ಆರ್. ಪ್ರತಿ ಕೈಗೆ ಬಂತು. ಇಂಥ ಸಂದರ್ಭದಲ್ಲಿ ಪೊಲೀಸರು ಒಪ್ಪದಿದ್ದರೆ ದೂರನ್ನು ಬರೆದು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ಸೂಪರಿಂಟೆಂಡೆಂಟರಿಗೆ ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಒಂದು ವಿಷಯ ನೆನಪಿರಲಿ: ಈ ಕಲಮಿನಡಿ ದೂರನ್ನು ನೊಂದವಳೇ ಅಥವಾ ಆಕೆಯ ಸಂಬಂಧಿಕರು ಕೊಡಬೇಕು. ಆದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಂರಕ್ಷಣಾಧಿಕಾರಿಗೆ ಯಾರು ಬೇಕಾದರೂ ಮಾಹಿತಿ ಕೊಡಬಹುದು. ನೆರೆಯವರೂ, ಗುಂಪಿನವರೂ ಕೊಡಬಹುದು.

ಎರಡನೆಯ ಜೋಡಿ ‘ಬೇಲಬಲ್’ ಮತ್ತು ‘ನಾನ್-ಬೇಲಬಲ್’. ‘ನಾನ್-ಬೇಲಬಲ್’ ಎಂದರೆ ಜಾಮೀನು ಸಿಗುವುದೇ ಇಲ್ಲ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಹಾಗಲ್ಲ. ಜಾಮೀನು ಆರೋಪಿಯ ಹಕ್ಕಲ್ಲ, ನ್ಯಾಯಾಲಯ ಯೋಚಿಸಿ ಕೊಡಬಹುದು ಅಥವಾ ಬಿಡಬಹುದು ಎಂದಷ್ಟೇ ಅದರ ಅರ್ಥ. 7 ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಕಾರಣವಿಲ್ಲದೆ ಯಾಂತ್ರಿಕವಾಗಿ ಬಂಧಿಸಬಾರದೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿದೆ. ಆದ್ದರಿಂದ ಗಂಡ ವಾರದೊಳಗೆ ಮನೆ ಮುಂದೆ ಓಡಾಡತೊಡಗಿದರೆ ಕೇಸು ಬಿದ್ದುಹೋಯಿತೆಂದು ಎದೆಗುಂದಬೇಕಿಲ್ಲ. ಕೇಸು ನಡೆಯುತ್ತಿರುತ್ತದೆ.

ಮೂರನೆಯದು ಆಸ್ಪತ್ರೆಯ ಜೋಡಿ: ‘ಸಿಂಪಲ್’ ಮತ್ತು ‘ಗ್ರೀವಿಯಸ್’. ಗಾಯದ ಸರ್ಟಿಫಿಕೇಟಿನಲ್ಲಿ ವೈದ್ಯರು ಇವುಗಳಲ್ಲೊಂದನ್ನು ಬರೆಯುತ್ತಾರೆ. ಮೂಳೆ ಅಥವಾ ಹಲ್ಲು ಮುರಿದರೆ, ಕಣ್ಣು ಕಿವಿ ಶಾಶ್ವತವಾಗಿ ಹೋದರೆ, ಮುಖ ಶಾಶ್ವತವಾಗಿ ವಿಕಾರವಾದರೆ, 15 ದಿನ ತೀವ್ರ ನೋವಿನಿಂದ ನರಳಿದರೆ ಅದು ಗ್ರೀವಿಯಸ್. ಎದುರಿಗೆ ಅತ್ತೆ ನಿಂತಿದ್ದಾಳೆಂದು ‘ಬಚ್ಚಲಲ್ಲಿ ಜಾರಿಬಿದ್ದೆ’ ಎಂದರೆ ಸರ್ಟಿಫಿಕೇಟಿನಲ್ಲಿ ಅದೇ ಮಾತು ಉಳಿಯುತ್ತದೆ. ಅಲುಗಾಡುವ ಹಲ್ಲನ್ನೂ, ಕೇಳದ ಕಿವಿಯನ್ನೂ ವೈದ್ಯರಿಗೆ ಹೇಳಿ ಬರೆಸಬೇಕು.

ನಾಲ್ಕನೆಯ ಜೋಡಿ ಅತ್ಯಂತ ಕ್ರೂರವಾದದ್ದು: ‘ನ್ಯಾಚುರಲ್’ ಮತ್ತು ‘ಅನ್‌ನ್ಯಾಚುರಲ್’. ಇಲ್ಲಿ ಪ್ರಶ್ನೆ ಕೇಳಲು ಆಕೆ ಇರುವುದಿಲ್ಲ, ನಾವು ಕೇಳಬೇಕು. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆ ಮದುವೆಯಾದ ಹೆಂಗಸರ ಅಸ್ವಾಭಾವಿಕ ಸಾವುಗಳ ಬೆನ್ನು ಹತ್ತಿದಾಗ, ‘ಸ್ಟೋವ್ ಸಿಡಿದು ಸಾವು’ ಎಂದು ಮುಚ್ಚಿಹೋದ ಎಷ್ಟೋ ಕಡತಗಳ ಕಥೆ ಹೊರಬಂತು. ಮದುವೆಯಾದ 7 ವರ್ಷದೊಳಗೆ ಹೆಂಗಸೊಬ್ಬಳು ಆತ್ಮಹತ್ಯೆ ಮಾಡಿಕೊಂಡರೆ ಅಥವಾ ಸಂಶಯಾಸ್ಪದವಾಗಿ ಸತ್ತರೆ ಮರಣೋತ್ತರ ಪರೀಕ್ಷೆ ಆಗಬೇಕು, ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯಬೇಕು. ಸಾವಿಗೆ ಮುಂಚೆ ವರದಕ್ಷಿಣೆಗಾಗಿ ಹಿಂಸೆಯಿತ್ತೆಂದು ತೋರಿಸಿದರೆ ಅದು ವರದಕ್ಷಿಣೆ ಸಾವು. ಶಿಕ್ಷೆ 7 ವರ್ಷಕ್ಕೆ ಕಡಿಮೆಯಿಲ್ಲ, ಜೀವಾವಧಿಯವರೆಗೂ ಇದೆ. ಹೆಣಕ್ಕೆ ಬೆಂಕಿ ಇಡಲು ಅವಸರಪಡುವ ಮನೆಯ ಮುಂದೆ ‘ಇದು ಅನ್‌ನ್ಯಾಚುರಲ್’ ಎನ್ನುವ ಹೆಂಗಸು ಊರಿಗೊಬ್ಬಳಾದರೂ ಬೇಕು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು. ಪ್ರತಿ ಪದಕ್ಕೂ ಒಂದೇ ವಿರುದ್ಧ ಪದ ಇರುತ್ತದೆಂದು ಶಾಲೆಯಲ್ಲಿ ಕಲಿಸುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲೂ, ಅದರ ಸ್ಥಾನಕ್ಕೆ ಬಂದಿರುವ ಹೊಸ ಕಾಯ್ದೆಯಲ್ಲೂ ‘ಪ್ರೂವ್ಡ್’, ‘ಡಿಸ್‌ಪ್ರೂವ್ಡ್’, ‘ನಾಟ್ ಪ್ರೂವ್ಡ್’ ಎಂದು ಮೂರು ಪದಗಳಿಗೆ ಬೇರೆ ಬೇರೆ ಅರ್ಥ ಕೊಟ್ಟಿದ್ದಾರೆ. ಸಾಬೀತಾದದ್ದು, ಸುಳ್ಳೆಂದು ಸಾಬೀತಾದದ್ದು, ಎರಡೂ ಆಗದೆ ಉಳಿದದ್ದು. ಹಿಂಸೆ ನಡೆಯುವುದು ನಾಲ್ಕು ಗೋಡೆಗಳ ಒಳಗೆ. ಕಂಡವರು ಗಂಡನ ಕಡೆಯವರು. ವರ್ಷಗಟ್ಟಲೆ ಅಲೆದು ತವರಿನವರು ಸುಸ್ತಾಗಿ ರಾಜಿಗೆ ಬರುತ್ತಾರೆ, ಸಾಕ್ಷಿಗಳು ತಿರುಗಿ ಬೀಳುತ್ತಾರೆ. ಕೊನೆಗೆ ಆರೋಪ ಸಾಬೀತಾಗಲಿಲ್ಲವೆಂದು ಬಿಡುಗಡೆಯಾಗುತ್ತದೆ. ಕೂಡಲೇ ಊರು ‘ಸುಳ್ಳು ಕೇಸು ಹಾಕಿದ್ದಳು’ ಎನ್ನುತ್ತದೆ. ಬಿಡುಗಡೆಗಳನ್ನೆಲ್ಲ ಒಟ್ಟುಗೂಡಿಸಿ ‘ಹೆಂಗಸರು ಕಾನೂನನ್ನು ದುರುಪಯೋಗ ಮಾಡುತ್ತಾರೆ’ ಎಂದು ಭಾಷಣ ಮಾಡುವವರು ‘ನಾಟ್ ಪ್ರೂವ್ಡ್’ ಎಂಬುದನ್ನು ‘ಡಿಸ್‌ಪ್ರೂವ್ಡ್’ ಎಂದು ಓದುತ್ತಿದ್ದಾರೆ. ಸುಳ್ಳು ದೂರುಗಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಸುಳ್ಳಾಗಿದ್ದರೆ ಅದನ್ನು ನ್ಯಾಯಾಲಯ ಸ್ಪಷ್ಟವಾಗಿ ಹೇಳಲಿ. ನಾವೂ ತೀರ್ಪು ಬರುವ ಮುಂಚೆ ‘ಆರೋಪಿ’ಯನ್ನು ‘ಅಪರಾಧಿ’ ಎಂದು ಕರೆಯದಿರೋಣ. ಅದೇ ನಿಯಮ ಹೆಣ್ಣಿಗೂ ಅನ್ವಯಿಸಲಿ ಎಂಬುದಷ್ಟೇ ನಮ್ಮ ಬೇಡಿಕೆ.

ಈ ಪುರುಷಪ್ರಧಾನ ಸಮಾಜ ನಮಗೆ ಚಿಕ್ಕಂದಿನಿಂದ ಕಲಿಸಿದ ವಿರುದ್ಧ ಪದಗಳು ಬೇರೆ: ಹೊಂದಿಕೊಂಡು ಹೋಗುವವಳು ಮತ್ತು ಗಯ್ಯಾಳಿ, ಮಾನವಂತೆ ಮತ್ತು ಬಜಾರಿ. ಇವೆಲ್ಲ ಹೆಣ್ಣಿಗೆ ಅಂಟಿಸುವ ಗುಣವಾಚಕಗಳು. ಕಾನೂನಿನ ಗುಣವಾಚಕಗಳು ಹೆಣ್ಣಿಗೆ ಅಂಟುವುದಿಲ್ಲ, ಆಕೆಯ ಮೇಲೆ ನಡೆದ ಕೃತ್ಯಕ್ಕೆ ಅಂಟುತ್ತವೆ. ಠಾಣೆಯಲ್ಲಿ ಯಾರಾದರೂ ‘ಇವಳು ಎಂಥವಳು?’ ಎಂದು ಶುರುಮಾಡಿದರೆ, ‘ನಡೆದದ್ದು ಎಂಥದು, ಅದನ್ನು ಬರೆದುಕೊಳ್ಳಿ’ ಎಂದು ಹೇಳುವ ಧೈರ್ಯ ಆ ಪದಗಳನ್ನು ತಿಳಿದಾಗ ಬರುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದ್ದರಿಂದ ಸಹೋದರಿಯರೇ, ಮುಂದಿನ ವಾರದ ಸಭೆಯಲ್ಲಿ ಸಾಲದ ಲೆಕ್ಕವಾದ ಮೇಲೆ ಹತ್ತು ನಿಮಿಷ ಇದಕ್ಕೆ ಕೊಡಿ. ಈ ಜೋಡಿಗಳನ್ನು ಕನ್ನಡ ಅಕ್ಷರದಲ್ಲೇ ಒಂದು ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಗೋಡೆಗೆ ತೂಗುಹಾಕಿ. ಕೆಳಗೆ ಮಹಿಳಾ ಸಹಾಯವಾಣಿ 181, ತುರ್ತು ಸಹಾಯಕ್ಕೆ 112 ಎಂದು ಬರೆಯಿರಿ. ಓದು ಬಾರದವರಿಗೆ ಬಾಯಿಪಾಠ ಮಾಡಿಸಿ. ಒಬ್ಬಳು ಪೊಲೀಸಿನವರಾಗಲಿ, ಇನ್ನೊಬ್ಬಳು ದೂರು ಕೊಡಲಿ, ಉಳಿದವರು ಕೇಳಿ ತಿದ್ದಲಿ. ಹೀಗೆ ನಾಲ್ಕು ವಾರ ಮಾಡಿದರೆ, ನಿಜವಾಗಿ ಹೋಗಬೇಕಾದ ದಿನ ನಮ್ಮವಳೊಬ್ಬಳು ಕೊಟ್ಟ ಚೀಟಿ ಹಿಡಿದು ಸುಮ್ಮನೆ ಹಿಂದಿರುಗುವುದಿಲ್ಲ. ಅದರಲ್ಲಿ ಏನು ಬರೆದಿದೆಯೆಂದು ಅಲ್ಲೇ ನಿಂತು ಕೇಳಿ ತಿಳಿದುಕೊಂಡು ಬರುತ್ತಾಳೆ.