ಸುಮ್ಮನಿರು ಅಂತ ಬೆಳೆಸಿದರೆ ಸುಮ್ಮನೆ ಸಹಿ ಹಾಕ್ತಾರೆ

ಮಕ್ಕಳಿಗೆ ಹಕ್ಕು, ಸ್ವಾತಂತ್ರ್ಯ ಅಂತೆಲ್ಲ ಹೇಳಿಕೊಟ್ಟರೆ ತಲೆ ಮೇಲೆ ಹತ್ತಿ ಕೂರ್ತಾರೆ ಎಂಬ ಮಾತು ನಮ್ಮ ಸಮುದಾಯದಲ್ಲಿ ಚಾಲ್ತಿಯಲ್ಲಿದೆ. ಐದು ವರ್ಷದ ಮಗುವಿಗೆ ಹಕ್ಕು ಯಾಕೆ, ಅದು ಬಿಳಿಯರ ದೇಶದ ಫ್ಯಾಶನ್, ಅದಬ್ ಕಲಿಸಿದರೆ ಸಾಕು ಎನ್ನುವವರೂ ಇದ್ದಾರೆ. ಈ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ. ಕಾರಣ, ಇಲ್ಲಿ ಯುಎಇಯಲ್ಲಿ ಲೆಕ್ಕಪತ್ರದ ಕೆಲಸ ಮಾಡುವ ನನ್ನ ಟೇಬಲಿನ ಮುಂದೆ ಬಂದು ನಿಲ್ಲುವ ನಮ್ಮದೇ ಹುಡುಗರು.

ಇಪ್ಪತ್ತೆರಡು, ಇಪ್ಪತ್ತಮೂರರ ಪ್ರಾಯ. ಕಾಗದದಲ್ಲಿ ಏನಿದೆ ಅಂತ ಓದುವುದಿಲ್ಲ, "ಎಲ್ಲಿ ಸೈನ್ ಹಾಕ್ಬೇಕು ಸಾರ್?" ಅಂತ ಕೇಳ್ತಾರೆ. ಓವರ್‌ಟೈಮ್ ಹಣ ಕಡಿಮೆ ಬಂದರೆ ರೂಮಿನಲ್ಲಿ ಗೊಣಗ್ತಾರೆ, ಆಫೀಸಿನಲ್ಲಿ ಕೇಳುವುದಿಲ್ಲ. ಪಾಸ್‌ಪೋರ್ಟ್ ಕೊಡು ಅಂದರೆ ಮರುಮಾತಿಲ್ಲದೆ ಕೊಡ್ತಾರೆ. ಕಾನೂನು ಇಲ್ಲವೇ? ಇದೆ. 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಇಲ್ಲಿನ ಕಾರ್ಮಿಕ ಕಾನೂನಿನ ಪ್ರಕಾರ ಕಾರ್ಮಿಕನ ಅಧಿಕೃತ ದಾಖಲೆಗಳನ್ನು ಮಾಲೀಕ ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ. ನೇಮಕಾತಿಯ ಖರ್ಚನ್ನು ಕಾರ್ಮಿಕನಿಂದ ವಸೂಲು ಮಾಡುವಂತಿಲ್ಲ. ಸಾಮಾನ್ಯ ದುಡಿಮೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಅದಕ್ಕಿಂತ ಹೆಚ್ಚು ದುಡಿಸಿದರೆ ಆ ಗಂಟೆಗಳಿಗೆ ಮೂಲ ವೇತನದ ಲೆಕ್ಕದ ಮೇಲೆ ಕನಿಷ್ಠ ಶೇ. 25 ಸೇರಿಸಿ ಕೊಡಬೇಕು. ಇದೆಲ್ಲ ಕಾಗದದಲ್ಲಿದೆ, ಕೇಳುವ ಬಾಯಿ ಇಲ್ಲ.

ಸಾಲ ಇದೆ, ಕೆಲಸ ಹೋದೀತೆಂಬ ಹೆದರಿಕೆ ಇದೆ ಎನ್ನಬಹುದು. ಅದು ಸುಳ್ಳಲ್ಲ. ಆದರೆ ಊರಿನಲ್ಲೇ, ಇನ್ನೂ ಸಾಲ ಮಾಡುವ ಮೊದಲೇ, ಏಜೆಂಟನ ಎದುರು ಕೂತಾಗ "ಈ ಹಣ ಯಾವುದಕ್ಕೆ? ರಸೀದಿ ಎಲ್ಲಿ?" ಅಂತ ಕೇಳದವನಿಗೆ ಯಾರ ಹೆದರಿಕೆ? ಆ ಹೆದರಿಕೆಯನ್ನು ಹಾಕಿದ್ದು ಕಂಪೆನಿಯಲ್ಲ, ನಾವು. ಮಗು "ಯಾಕೆ?" ಅಂದರೆ "ಬಾಯಿ ಮುಚ್ಚು" ಅಂತೇವೆ. ಹಠ ಮಾಡಿದರೆ "ಉಪ್ಪ ಬರಲಿ, ಹೇಳ್ತೇನೆ" ಅಂತ ಉಮ್ಮ ಬೆದರಿಸ್ತಾಳೆ. ಎರಡು ವರ್ಷಕ್ಕೊಮ್ಮೆ ಬರುವ ಉಪ್ಪ ಮಗುವಿನ ಪಾಲಿಗೆ ಪೊಲೀಸ್ ಆಗ್ತಾನೆ. ಶಾಲೆಗೆ ಹೋದರೆ "ಎರಡು ಬಾರಿಸಿ ಸಾರ್, ನಾವೇನೂ ಹೇಳುವುದಿಲ್ಲ" ಅಂತ ಮೇಷ್ಟ್ರಿಗೆ ನಾವೇ ಅನುಮತಿ ಕೊಡ್ತೇವೆ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಹದಿನೈದು ವರ್ಷ ಹೀಗೆ ಪಳಗಿಸಿ, ಆಮೇಲೆ ವಿಮಾನ ಹತ್ತಿಸುವಾಗ "ಅಲ್ಲಿ ಜೋರಿರಬೇಕು ಮಗಾ" ಅಂದರೆ ಅವನಿಗೆ ಜೋರು ಎಲ್ಲಿಂದ ಬರಬೇಕು?

ಇನ್ನು ಬಿಳಿಯರ ಫ್ಯಾಶನ್ ಎಂಬ ವಾದ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಬಂದದ್ದು 1989ರಲ್ಲಿ. ಭಾರತ 1992ರಲ್ಲಿ, ಸೌದಿ ಅರೇಬಿಯಾ 1996ರಲ್ಲಿ, ಯುಎಇ 1997ರಲ್ಲಿ ಅದನ್ನು ಒಪ್ಪಿಕೊಂಡವು. ಇಂದಿಗೂ ಅನುಮೋದಿಸದ ದೇಶ ಅಮೆರಿಕ! ಮಗುವಿಗೆ ಸಂಬಂಧಪಟ್ಟ ವಿಷಯದಲ್ಲಿ ಮಗುವಿನ ಮಾತನ್ನೂ ಕೇಳಬೇಕು ಅನ್ನುತ್ತದೆ ಅದರ 12ನೇ ವಿಧಿ. ದೀನಿನ ಮಾತಿಗೆ ಬಂದರೆ, ನುಅಮಾನ್ ಬಿನ್ ಬಶೀರ್(ರ)ರ ಹದೀಸ್ ಮದ್ರಸದಲ್ಲಿ ಕಲಿತವರಿಗೆ ಗೊತ್ತು. ಒಬ್ಬ ಮಗನಿಗೆ ಮಾತ್ರ ಉಡುಗೊರೆ ಕೊಟ್ಟ ತಂದೆ, ಪ್ರವಾದಿ(ಸ)ಯವರನ್ನು ಸಾಕ್ಷಿಯಾಗಲು ಕೇಳಿದರು. ಉಳಿದ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀರಾ ಎಂದು ಪ್ರವಾದಿ(ಸ) ವಿಚಾರಿಸಿದರು. ಇಲ್ಲ ಎಂದಾಗ ಸಾಕ್ಷಿ ನಿಲ್ಲಲು ಒಪ್ಪಲಿಲ್ಲ. ಮಕ್ಕಳ ನಡುವಿನ ನ್ಯಾಯ ಅಷ್ಟು ದೊಡ್ಡ ವಿಷಯ. ನಾವೋ, ಮಗನಿಗೆ ಇಂಗ್ಲಿಷ್ ಮೀಡಿಯಂ, ಮಗಳಿಗೆ ಹತ್ತಿರದ್ದು ಯಾವುದಾದರೂ ಸಾಕು ಅಂತೇವೆ.

ನ್ಯಾಯ ಕಲಿಸಲು ಭಾಷಣ ಬೇಡ. ಊರಿಗೆ ಹೋದಾಗ ಕಾರ್ಟನ್ ಬಿಚ್ಚುತ್ತೇವಲ್ಲ, ಚಾಕಲೇಟ್ ಹಂಚುವ ಕೆಲಸ ಒಬ್ಬ ಮಗುವಿಗೆ ಕೊಡಿ, ಮೊದಲು ಆರಿಸುವ ಅವಕಾಶ ಇನ್ನೊಬ್ಬರಿಗೆ ಕೊಡಿ. ನಾಲ್ಕು ವರ್ಷದ ಮಗುವೂ ಸರಿಯಾಗಿ ಅಳೆದು ಹಂಚುತ್ತದೆ. ಏಳೆಂಟು ವರ್ಷದ ಮಗುವಿಗೆ ಬೋಟಿಮ್ ಕಾಲ್‌ನಲ್ಲಿ ಸಂಬಳದ ಚೀಟಿ ತೋರಿಸಿ. ಎಷ್ಟು ಗಂಟೆ ದುಡಿದಿರಿ, ಎಷ್ಟು ಬಂತು, ಎಷ್ಟು ಕಡಿತವಾಯಿತು, ಯಾಕೆ ಅಂತ ವಿವರಿಸಿ. ಕೂಡಿಸಿ ಕಳೆಯುವ ಲೆಕ್ಕದ ಜೊತೆ ಉಪ್ಪನ ಬೆವರಿನ ಬೆಲೆಯೂ ತಿಳಿಯುತ್ತದೆ.

ಹಕ್ಕು ಅಂದರೆ ಬರೀ ನಮ್ಮದಲ್ಲ, ಇದನ್ನೂ ಮಗು ನಮ್ಮನ್ನು ನೋಡಿಯೇ ಕಲಿಯಬೇಕು. ಊರಿನಲ್ಲಿ ನಮ್ಮ ಮನೆ ಕಟ್ಟಲು ಒಡಿಶಾದಿಂದಲೋ ಬಿಹಾರದಿಂದಲೋ ಬಂದ ಹುಡುಗನೂ ನಮ್ಮಂತೆ ಪರದೇಶಿ. ಅವನ ಕೂಲಿಯನ್ನು "ಮುಂದಿನ ವಾರ ನೋಡುವಾ" ಅಂತ ಹಿಡಿದಿಟ್ಟರೆ, ಅವನನ್ನು ಏಕವಚನದಲ್ಲಿ ಗದರಿಸಿದರೆ, ಬಾಗಿಲ ಬಳಿ ನಿಂತ ಮಗು ಎಲ್ಲ ನೋಡಿಕೊಳ್ಳುತ್ತದೆ. ಆಮೇಲೆ ನಮ್ಮ ಕಫೀಲನ ಬಗ್ಗೆ ದೂರುವುದಕ್ಕೆ ನಮಗೆ ಯಾವ ಮುಖ ಇದೆ?

ಅದಬ್ ಬೇಕು, ಖಂಡಿತ ಬೇಕು. ಹೇಗೆ ಕೇಳಬೇಕು ಅಂತ ಕಲಿಸುವುದು ಅದಬ್. ಕೇಳಲೇಬೇಡ ಅನ್ನುವುದು ಗುಲಾಮಗಿರಿಯ ತರಬೇತಿ. ಇವತ್ತು ರಾತ್ರಿ ಕಾಲ್‌ನಲ್ಲಿ ಮಗು "ಯಾಕೆ ಉಪ್ಪಾ?" ಅಂದರೆ ದಯವಿಟ್ಟು ಉತ್ತರ ಕೊಡಿ.