ತೋಟಾ ಇಲ್ಲಿಯದು, ಅಳತೆ ಅಮೆರಿಕದ್ದು

ಕಲ್ಯಾಣ ದಾಟಿದರೆ ಮೂರನೇ ಸ್ಟೇಷನ್ ಅಂಬರನಾಥ. ಅಲ್ಲಿನ ಸರ್ಕಾರಿ ಕಾರ್ಖಾನೆಯಲ್ಲಿ ಮದ್ದುಗುಂಡಿಗೆ ಬೇಕಾದ ಹಿತ್ತಾಳೆ ತಯಾರಾಗುತ್ತದೆ. ದೂರದ ಗುರಿಗೆಂದು ಹೇಳಿ ಮಾಡಿಸಿದ ಬೇಟೆ ರೈಫಲ್ಲಿನ ಕನಸು ಕಾಣುವವರು ಇಂಥ ಹಿತ್ತಾಳೆಯನ್ನು ನೋಡಬೇಕು. ಅವರು ನೋಡುವುದು ಅಮೆರಿಕದ ವೀಡಿಯೊ.

ಅಲ್ಲಿ ಚೇಂಬರಿನ ಕತ್ತನ್ನು ತೋಟಾದ ಕತ್ತಿಗಿಂತ ಇಂಚಿನ ಸಾವಿರದ ಎರಡು ಮೂರು ಭಾಗವಷ್ಟೇ ಅಗಲಕ್ಕೆ ಕೊರೆಸುವವರಿದ್ದಾರೆ, ನಿಜ. ಆದರೆ ಹಾಗೆ ಕೊರೆಸಿದವನು ತೋಟಾವನ್ನೂ ತಾನೇ ತುಂಬಿಕೊಳ್ಳುತ್ತಾನೆ. ಒಂದೊಂದು ಕೋಶದ ಕತ್ತನ್ನೂ ಹೆರೆದು ಒಂದೇ ದಪ್ಪಕ್ಕೆ ತರುತ್ತಾನೆ. ಇಲ್ಲಿ? ಸೇನೆಯ .303 ನಿಷಿದ್ಧ ಬೋರ್ ಆದ್ದರಿಂದ ಲೈಸೆನ್ಸುದಾರರ ಪಾಲಿಗೆ ಬಂದದ್ದು .315. ಅದಕ್ಕೆ ಕಾರ್ಖಾನೆ ಕೊಟ್ಟ ತೋಟಾವೇ ಗತಿ. ಒಂದು ಕೋಶ ತುಸು ದಪ್ಪ ಬಂತೋ, ಬಿಗಿ ಚೇಂಬರಿನಲ್ಲಿ ಕತ್ತು ಹಿಗ್ಗಲು ಜಾಗವಿಲ್ಲ, ಗುಂಡು ಸಲೀಸಾಗಿ ಬಿಡುವುದಿಲ್ಲ, ಒತ್ತಡ ಏರುತ್ತದೆ. ಬೋಲ್ಟಿನ ಹಿಂದೆಯೇ ಇರುವುದು ಹೊಡೆಯುವವನ ಮುಖ.

ಹಾಗೆಂದು ಸಡಿಲ ಬಿಡುವುದೂ ಸಲ್ಲ. ಹೆಡ್‌ಸ್ಪೇಸ್ ಹೆಚ್ಚಾದರೆ ಕೋಶ ಹಿಗ್ಗಿ ಬುಡದ ಬಳಿ ಹರಿಯುತ್ತದೆ. ಸಿಗುವ ತೋಟಾಗಳನ್ನೇ ಹತ್ತಾರು ಅಳೆದು, ಅವುಗಳಲ್ಲಿ ಅತಿ ದಪ್ಪನೆಯದಕ್ಕೂ ಜಾಗ ಬಿಟ್ಟು ಕೊರೆಯಬೇಕು. ಅದೂ ಲೈಸೆನ್ಸಿರುವ ಕೈಯಿಂದ.

ಇನ್ನು ಬೇಟೆಯ ಮಾತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೂ ಆ ಹೆಸರನ್ನು ಬಿಡದಿರುವುದು ಬರೀ ಜಂಭ. ಕೊಡವರಿಗಿರುವ ವಿನಾಯಿತಿ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಯಿತು. ಅದು ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳಲು, ಕಾಡುಹಂದಿ ಹೊಡೆಯಲಲ್ಲ. ಕೈಲ್‌ಪೊಳ್ದಿನ ದಿನ ಅವರು ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಅದಕ್ಕೆ ಯಾರೂ ಚೇಂಬರಿನ ಕತ್ತು ಬಿಗಿ ಮಾಡಿಸಿಲ್ಲ.